ಕಣಕ್ಕೆ ಕಾಲಿಡದ ಟೈಗರ್

ನಮ್ಮ ಕಡೆಯ ಯಾವ ಮನೆಗೇ ಹೋಗಿ, ಮನೆ ಮುಂದಿನ ಸಿಮೆಂಟಿನ ಕಣವನ್ನು ಒಮ್ಮೆ ಬಗ್ಗಿ ನೋಡಿ. ಯಾವುದಾದರೊಂದು ಮೂಲೆಯಲ್ಲಿ ನಾಯಿಯ ಹೆಜ್ಜೆಗುರುತು ಇದ್ದೇ ಇರುತ್ತದೆ. ಕಣ ಎಂದರೆ ಕಾಫಿ, ಕರಿಮೆಣಸು ಒಣಗಿಸುವ ಅಂಗಳ. ಗಾರೆಯವರು ಬೆಳಗಿನಿಂದ ಸಂಜೆಯವರೆಗೆ ಮಂಡಿಯೂರಿ, ಕರಣೆಯಲ್ಲಿ ಉಜ್ಜಿ ಉಜ್ಜಿ ನಯ ಮಾಡಿ ಹೋದ ಮೇಲೆ, ಸಿಮೆಂಟು ಇನ್ನೂ ಹಸಿಯಾಗಿರುವಾಗಲೇ, ನಾಯಿಯೊಂದು ಯಾವ ಅವಸರವೂ ಇಲ್ಲದೆ ಅದನ್ನು ಅಡ್ಡ ಹಾಯ್ದು ಹೋಗಿರುತ್ತದೆ. ಮನೆಯ ಯಜಮಾನ ತನ್ನ ಹೆಸರು, ಇಸವಿ ಕೆತ್ತಿಸಲು ಮರೆತರೂ ನಾಯಿ ತನ್ನ ಸಹಿ ಹಾಕಲು ಮರೆಯುವುದಿಲ್ಲ.

ನನ್ನ ಕಣದಲ್ಲಿ ಮಾತ್ರ ಇಂಥ ಸಹಿ ಒಂದೂ ಇಲ್ಲ. ಗೋಣಿಕೊಪ್ಪಲಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡು, ಮನೆ ಹಿಂದಿನ ಅರ್ಧ ಎಕರೆಯ ರೋಬಸ್ಟಾ ಕಾಫಿಯನ್ನು ಇಷ್ಟು ವರ್ಷ ಟಾರ್ಪಾಲಿನ ಮೇಲೆಯೇ ಒಣಗಿಸಿದ ನಾನು, ಹೋದ ವರ್ಷ ಬೇಸಗೆಯ ಮೊದಲಿಗೆ ಧೈರ್ಯ ಮಾಡಿ ಮನೆಯ ನಾಲ್ಕೂ ಕಡೆ ಸಿಮೆಂಟು ಹಾಕಿಸಿದೆ. ಕಾಫಿಗೆ ಮುಂದಿನ ಅಂಗಳವಷ್ಟೇ ಸಾಕಿತ್ತು. ಉಳಿದ ಮೂರು ದಿಕ್ಕಿಗೂ ಸಿಮೆಂಟು ಹರಿದದ್ದು ಬರೀ ಉತ್ಸಾಹದಿಂದ. ಗಾರೆ ಒಣಗುವ ಎರಡು ದಿನ ಅಂಗಡಿಗೆ ಬೀಗ ಹಾಕಿ, ಕೈಯಲ್ಲೊಂದು ಕೋಲು ಹಿಡಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾವಲು ಕಾದೆ. ನಲವತ್ತೊಂದನೆಯ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಪಿಯುಸಿಗೆ ಓದುತ್ತಿದ್ದ ನನಗೆ ‘ನಿಷ್ಕಳಂಕ’ ಎಂಬ ಪದ ಆಗಷ್ಟೇ ಪಾಠದಲ್ಲಿ ಸಿಕ್ಕಿತ್ತು. ಅಂಥ ಒಳ್ಳೆಯ ಪದ ಕೈಗೆ ಬಂದ ಮೇಲೆ ಅದನ್ನು ಹಚ್ಚುವುದಕ್ಕೆ ಒಂದು ವಸ್ತು ಬೇಡವೇ? ಕಣಕ್ಕೆ ಹಚ್ಚಿದೆ. ಬಂದವರಿಗೆಲ್ಲ ತೋರಿಸಿ ‘ನಿಷ್ಕಳಂಕವಾಗಿದೆ’ ಎಂದೆ. ಬಂದವರು ಕಾಫಿ ಕುಡಿದು ಹೋದರು.

ಹೀಗೆ ಒಂದು ನಾಯಿಯನ್ನೂ ಹತ್ತಿರ ಬಿಡದೆ ಕಾದ ಅದೇ ಕಣದ ಮೇಲೆ ಒಂದು ನಾಯಿ ಕಾಲಿಡಲಿ ಎಂದು ಮುಂದೆ ಕೈ ಮುಗಿಯುವ ದಿನ ಬರುತ್ತದೆಂದು ನನಗೇನು ಗೊತ್ತು!

ಪೊನ್ನಂಪೇಟೆಯ ಹತ್ತಿರ ಗ್ರೇಸಿ ಚೇಚಿ ಎಂದೊಬ್ಬ ಮಲಯಾಳಿ ಅಕ್ಕ ಇದ್ದಾರೆ. ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಬೀದಿಪಾಲಾದ ನಾಯಿಗಳನ್ನು ತಂದು ಸಾಕುತ್ತಾರೆ. ಏಪ್ರಿಲ್ ತಿಂಗಳಲ್ಲಿ ಅವರ ಬಾವಿಯ ಪಂಪು ಸುಟ್ಟುಹೋಗಿ ನನ್ನನ್ನು ಕರೆಸಿದ್ದರು. ಹಿತ್ತಲಿನಲ್ಲಿ ಹದಿನೈದು ನಾಯಿಗಳು ಹದಿನೈದು ಶ್ರುತಿಯಲ್ಲಿ ನನ್ನನ್ನು ಬಯ್ಯುತ್ತಿದ್ದವು. ಹದಿನಾರನೆಯದು ಬೇರೊಂದು ಬೋನಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಕಂದು ಬಣ್ಣ, ಬೆಳ್ಳಗಾದ ಮೂತಿ, ಕುತ್ತಿಗೆಯ ಸುತ್ತ ಕೂದಲೇ ಇಲ್ಲದ ಒಂದು ಪಟ್ಟಿ. ಸರಪಳಿ ತಿಂದ ಗುರುತು.

“ಹತ್ತು ಹನ್ನೊಂದು ವರ್ಷ ಆಗಿರಬಹುದು ಮೋನೆ,” ಎಂದರು ಚೇಚಿ. ಅವರ ಬಾಯಲ್ಲಿ ಎಲ್ಲರೂ ಮೋನೆ, ಅಂದರೆ ಮಗನೇ. “ಒಂದು ಎಸ್ಟೇಟಲ್ಲಿ ಕಟ್ಟಿ ಹಾಕಿದ್ದರು. ಎಸ್ಟೇಟು ಕೈ ಬದಲಾಯ್ತು. ಯಜಮಾನ ಹೋದ, ಲೆಕ್ಕ ಬರೆಯೋ ರೈಟರ್ ಹೋದ, ಲೈನ್ ಮನೆಯ ಕೂಲಿಯವರೂ ಹೋದರು. ಇವನ ಚೈನ್ ಬಿಚ್ಚೋದು ಯಾರಿಗೂ ನೆನಪಾಗಲಿಲ್ಲ ನೋಡು. ಇಲ್ಲಿಟ್ಟರೆ ಉಳಿದವೆಲ್ಲ ಸೇರಿ ಹರಿದು ಹಾಕ್ತವೆ. ಒಂದೇ ತಿಂಗಳು ನೀನು ಇಟ್ಟುಕೋ. ಅಷ್ಟರಲ್ಲಿ ನಾನು ಬೇರೆ ಮನೆ ನೋಡ್ತೇನೆ.”

“ಹೆಸರು?”

“ಟೈಗರ್.”

ಟೈಗರನ ಬಾಯಲ್ಲಿ ಒಟ್ಟು ಏಳು ಹಲ್ಲುಗಳಿದ್ದವು. ಆ ಏಳರಲ್ಲಿ ನಾಲ್ಕು ಇನ್ನೂ ಕೆಲಸ ಮಾಡುತ್ತವೆ ಎಂಬುದು, ಬೋನನ್ನು ಜೀಪಿಗೆ ಏರಿಸುವಾಗ ನನ್ನ ಎಡಗೈ ಹೆಬ್ಬೆರಳಿಗೆ ತಿಳಿಯಿತು.

ಮನೆಯಲ್ಲಿ ನನ್ನ ಹೆಂಡತಿ ಜಾನಕಿ ಗೇಟಿನಲ್ಲೇ ನಿಂತಿದ್ದಳು. “ಎಂತ ಇದು? ಮೋಟಾರು ರಿಪೇರಿಗೆ ಹೋದವರು ನಾಯಿ ತಂದಿರಾ?”

“ರಿಪೇರಿಗೇ ತಂದದ್ದು,” ಎಂದೆ. ಅವಳು ನಗಲಿಲ್ಲ. ಆದರೆ ಒಳಗೆ ಹೋಗಿ ಅನ್ನಕ್ಕೆ ಹಾಲು ಕಲಸಿ ತಂದಳು.

ಗೇಟಿನ ಪಕ್ಕದಲ್ಲಿ, ಕಣಕ್ಕಿಂತ ಸ್ವಲ್ಪ ತಗ್ಗಿನಲ್ಲಿ, ಒಂದು ಹಲಸಿನ ಮರವಿದೆ. ಅಲ್ಲಿ ಬೋನಿನ ಬಾಗಿಲು ತೆರೆದೆವು. ಟೈಗರ್ ಹೊರಬಂದು ಮರಕ್ಕೆ ಎರಡು ಸುತ್ತು ಹಾಕಿ ಬೇರಿನ ನಡುವೆ ಮುದುಡಿದ. ಹೊಸ ಅತಿಥಿಗೆ ಗೌರವ ಸಲ್ಲಬೇಕಲ್ಲ ಎಂದು ನಾನು ಊಟದ ಬಟ್ಟಲನ್ನು ಕಣದ ನಟ್ಟನಡುವೆ ಇಟ್ಟೆ. ನಮ್ಮ ಕಡೆ ಒಳ್ಳೆಯದನ್ನೆಲ್ಲ ಇಡುವುದೇ ಕಣದಲ್ಲಿ: ಕಾಫಿ, ಮೆಣಸು, ಮದುವೆಯ ಚಪ್ಪರ, ಹೊಸ ಕಾರು. ಟೈಗರ್ ಎದ್ದು ಬಂದ. ಸಿಮೆಂಟು ಶುರುವಾಗುವ ಅಂಚಿನವರೆಗೆ ಬಂದು ನಿಂತ. ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ, ತಿರುಗಿ ಹೋಗಿ ಮಲಗಿದ. ಸಂಜೆ ಜಾನಕಿ ಕಾಲಿನಲ್ಲಿ ಬಟ್ಟಲನ್ನು ಮಣ್ಣಿನವರೆಗೆ ನೂಕಿದ ಮೇಲೆ, ನಾವಿಬ್ಬರೂ ಒಳಗೆ ಹೋದ ಮೇಲೆ, ತಿಂದ.

ಇದು ಒಂದು ದಿನದ ಕಥೆಯಲ್ಲ, ಪ್ರತಿದಿನವೂ ಇದೇ. ಪಾಪ, ಮನುಷ್ಯರನ್ನು ಕಂಡರೆ ಭಯ, ಮನೆಯ ಹತ್ತಿರ ಬರುವುದಕ್ಕೇ ಭಯ ಎಂದು ನಾವು ತೀರ್ಮಾನಿಸಿದೆವು. ಭಯ ಬಿಡಿಸುವ ಕೆಲಸವನ್ನು ನಾನು ಎಷ್ಟು ಗಂಭೀರವಾಗಿ ಹಿಡಿದೆನೆಂದರೆ, ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು, ಪಿಯುಸಿಯ ಇತಿಹಾಸದ ಪುಸ್ತಕವನ್ನು ಅವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದತೊಡಗಿದೆ. ನನ್ನ ದನಿ ಅವನಿಗೆ ರೂಢಿಯಾಗಲಿ, ಪಾಠ ನನಗೆ ರೂಢಿಯಾಗಲಿ ಎಂಬ ದ್ವಿಮುಖ ಯೋಜನೆ. ವಿಜಯನಗರದ ಪತನದ ಹೊತ್ತಿಗೆ ಅವನು ಕಿವಿ ನಿಮಿರಿಸಿ ಕೇಳುತ್ತಿದ್ದ. ಬ್ರಿಟಿಷರು ಬಂದಾಗ ಬಾಲದ ತುದಿ ಒಂದಿಷ್ಟು ಅಲುಗಿತು. ಆದರೂ ಸಿಮೆಂಟಿನ ಅಂಚು ಅಂಚೇ.

ಪಕ್ಕದ ಮನೆಯ ಚಂಗಪ್ಪನವರು ಬೇಲಿಯ ಮೇಲಿಂದ ಇದನ್ನೆಲ್ಲ ನೋಡಿ ಬೇಸತ್ತರು. “ನಿಮ್ಮ ಪಾಠ ಕೇಳಿ ನಾಯಿ ಅಲ್ಲ ಮಾರಾಯ್ರೆ, ನಾನೇ ಓಡಿ ಹೋಗ್ತೇನೆ. ಪಂದಿ ಕರಿ ಇಡಿ! ಆ ವಾಸನೆಗೆ ಹೆಣವೂ ಎದ್ದು ಬರ್ತದೆ.” ಅಂದು ಭಾನುವಾರ, ಅವರ ಮನೆಯಿಂದಲೇ ಒಂದು ಬಟ್ಟಲು ಹಂದಿ ಮಾಂಸದ ಸಾರು ಬಂತು. ಖಾರ ತೊಳೆದು, ತುಂಡುಗಳನ್ನು ಮಾತ್ರ ಆರಿಸಿ ಕಣದ ನಡುವೆ ಇಟ್ಟೆವು. ಟೈಗರ್ ಅಂಚಿಗೆ ಬಂದು ನಿಂತ. ಅವನ ಬಾಯಿಯ ಎರಡೂ ಬದಿಯಿಂದ ಜೊಲ್ಲು ದಾರದಂತೆ ನೆಲಕ್ಕೆ ಇಳಿಯಿತು. ಮುಂದಿನ ಕಾಲು ನಡುಗಿತು. ಅಷ್ಟರಲ್ಲಿ ಒಂದು ಕಾಗೆ ಬಂತು, ನಂತರ ಅದರ ಬಳಗ ಬಂತು. ಟೈಗರ್ ಕೊನೆಯ ತುಂಡು ಹಾರಿ ಹೋಗುವವರೆಗೆ ನೋಡುತ್ತಾ ನಿಂತಿದ್ದು, ಅಂಚಿನಲ್ಲಿ ಬಿದ್ದಿದ್ದ ತನ್ನ ಜೊಲ್ಲನ್ನೇ ನೆಕ್ಕಿದ. “ಇದು ನಾಯಿ ಅಲ್ಲ, ಸನ್ಯಾಸಿ,” ಎಂದು ಚಂಗಪ್ಪನವರು ಕೈ ಚೆಲ್ಲಿದರು.

ತಮಾಷೆ ಅಲ್ಲಿಗೇ ನಿಂತಿತು. ಮೇ ತಿಂಗಳ ಒಂದು ಗುಡುಗು ಮಳೆಯಲ್ಲಿ ತೊಯ್ದವನು ಮಾರನೆಯ ದಿನದಿಂದ ಕೆಮ್ಮತೊಡಗಿದ. ಪಶುವೈದ್ಯರು ದೂರದಿಂದಲೇ ನೋಡಿ, ಮಾತ್ರೆ ಬರೆದು, ನನ್ನನ್ನು ಬದಿಗೆ ಕರೆದರು. “ಎದೆ ಚೆನ್ನಾಗಿಲ್ಲ. ವಯಸ್ಸಾಗಿದೆ. ಮಳೆಗಾಲ ಹಿಡಿಯೋದರೊಳಗೆ ಸೂರಿನ ಕೆಳಗೆ ಸೇರಿಸಿ. ಹೊರಗೇ ಬಿಟ್ಟರೆ ಈ ಜೂನ್ ದಾಟೋದು ಕಷ್ಟ.” ಹಲಸಿನ ಬುಡದಲ್ಲೇ ತಗಡಿನ ಗೂಡು ಕಟ್ಟೋಣವೆಂದರೆ ಕಣದ ನೀರೆಲ್ಲ ಹರಿದು ನಿಲ್ಲುವುದು ಅಲ್ಲಿಯೇ. ಹಿಡಿದು ತರೋಣವೆಂದರೆ ಮುಟ್ಟಲು ಬಿಡುವವನಲ್ಲ. ಬಲವಂತ ಮಾಡಿದರೆ ಕೆಮ್ಮಿ ಕೆಮ್ಮಿ ಉಸಿರು ಕಟ್ಟುತ್ತಿತ್ತು. ಗ್ರೇಸಿ ಚೇಚಿಗೆ ಫೋನು ಮಾಡಿದರೆ, “ಬೇರೆ ಮನೆ ಯಾವುದು ಸಿಗ್ತದೆ ಮೋನೆ, ಮುದಿ ನಾಯಿಗೆ?” ಎಂದರು. ಜೂನಿಗೆ ಹದಿನೆಂಟು ದಿನ ಉಳಿದಿತ್ತು.

ನಮ್ಮ ಮನೆಯ ಕಲಗಚ್ಚನ್ನು ತನ್ನ ಹಂದಿಗಳಿಗೆಂದು ಒಯ್ಯಲು ಮುನಿಯಮ್ಮ ದಿನಾ ಬೆಳಿಗ್ಗೆ ಬಕೆಟು ಹಿಡಿದು ಬರುತ್ತಾಳೆ. ಮೂವತ್ತು ವರ್ಷ ಎಸ್ಟೇಟಿನ ಲೈನಿನಲ್ಲಿದ್ದು ಕೆಲಸ ಬಿಟ್ಟವಳು. ಅಂದು ನಾನು ಎಂದಿನಂತೆ ಬಟ್ಟಲನ್ನು ಕಣದಲ್ಲಿಟ್ಟು, ಟೈಗರ್ ಎಂದಿನಂತೆ ಅಂಚಿನಲ್ಲಿ ನಿಂತು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾಗ ಅವಳು ಬಕೆಟು ಕೆಳಗಿಟ್ಟಳು.

“ಅಣ್ಣಾ, ಇಷ್ಟು ದಿನದಿಂದ ನೋಡ್ತಾ ಇದ್ದೀನಿ, ಹೇಳೋದಾ ಬೇಡ್ವಾ ಅಂತ. ನೀವು ಓದಿದೋರು.”

“ಹೇಳು ಮುನಿಯಮ್ಮ.”

“ಅದು ಕಣದ ನಾಯಿ ಅಲ್ವಾ? ಕಣ ಕಾಯೋಕೆ ಕಟ್ಟಿದ್ದು. ಅದಕ್ಕೆ ಮೊದ್ಲು ಕಲಿಸೋದೇ ಕಣಕ್ಕೆ ಕಾಲಿಡಬಾರ್ದು ಅಂತ. ಕಾಫಿ ಮೇಲೆ ಉಚ್ಚೆ ಹೊಯ್ದ್ರೆ ರೈಟರ್ ಸುಮ್ನೆ ಬಿಡ್ತಾರಾ? ಮರೀಲಿ ಒಂದು ಕಾಲಿಟ್ರೆ ‘ಏಯ್’ ಅಂತ ಕೂಗಿ ಒಂದೇಟು. ಇನ್ನೊಂದ್ಸಲ ಇಟ್ರೆ ಇನ್ನೊಂದೇಟು. ಆಮೇಲೆ ಸಾಯೋ ತನಕ ಇಡಲ್ಲ. ನೀವು ಸುತ್ತ ಮುತ್ತ ಕಣ ಮಾಡಿ, ನಡುವಲ್ಲಿ ಮನೆ ಇಟ್ಕೊಂಡು, ಬಾ ಬಾ ಅಂದ್ರೆ ಅದು ಹೇಗೆ ಬರ್ತದೆ?” ಅವಳು ಬಕೆಟು ಎತ್ತಿಕೊಂಡಳು. “ನಾನೂ ಹೊಡೆದಿದ್ದೀನಣ್ಣ, ಎಷ್ಟೋ ನಾಯಿಗೆ. ಕಾಫಿ ಗಿಡದ ಕೋಲಲ್ಲಿ.”

ಓದುಗರೇ, ಈ ಮಾತು ಕೇಳಿ ನನಗೆ ಆಶ್ಚರ್ಯವಾಯಿತು ಎಂದರೆ ಅರ್ಧ ಸುಳ್ಳು. ಇದು ನನಗೆ ಗೊತ್ತಿದ್ದ ವಿಷಯವೇ! ಹತ್ತನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ನಾನು ಸೇರಿದ್ದೂ ಒಂದು ಎಸ್ಟೇಟಿನ ಕಣದ ಕೆಲಸಕ್ಕೇ. ಕಾಫಿ ಕೆದಕುವುದು, ನಾಯಿ ಓಡಿಸುವುದು; ಎರಡಕ್ಕೂ ಸೇರಿ ಒಂದೇ ಕೂಲಿ. ಆ ‘ಏಯ್’ ಅನ್ನು ನಾನೆಷ್ಟು ಸಲ ಕೂಗಿಲ್ಲ! ಆದರೆ ಸ್ವಂತ ಕಣವೊಂದು ಬಂದಮೇಲೆ, ಅದು ನನಗೆ ಕಣವಾಗಿ ಕಾಣದೆ ನಿಷ್ಕಳಂಕವಾಗಿ ಮಾತ್ರ ಕಾಣುತ್ತಿತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ನಾನು ಹಾಲ್ ಟಿಕೆಟ್ ಹಿಡಿದು ಹೋದಾಗ ಗೇಟಿನಲ್ಲಿದ್ದ ಜವಾನ, “ಮಕ್ಕಳನ್ನ ಬಿಟ್ಟವರು ಹೊರಗೆ ನಿಲ್ಲಿ ಸಾರ್,” ಎಂದಿದ್ದ. ನಾನು ಹೊರಗೆ ನಿಂತೆ. ಕೈಯಲ್ಲಿ ನನ್ನದೇ ಫೋಟೋ ಇರುವ ಟಿಕೆಟ್ ಇದ್ದೂ, ಮೊದಲ ಗಂಟೆ ಹೊಡೆಯುವವರೆಗೆ, ಬೇರೆ ತಂದೆ-ತಾಯಿಯರ ಜೊತೆ ನಿಂತೇ ಇದ್ದೆ. ಆ ಜವಾನನಿಗೆ ನಾನು ಹೆದರಿರಲಿಲ್ಲ. ಅವನು ನನ್ನ ಅಂಗಡಿಗೆ ಮಿಕ್ಸಿ ತರುವವನು. ನನ್ನಂಥವರು ನಿಲ್ಲುವ ಜಾಗ ಅದೇ ಎಂದು ನನ್ನ ಕಾಲುಗಳು ಯಾವತ್ತೋ ಕಲಿತಿದ್ದವು, ಅಷ್ಟೇ. ಟೈಗರ್ ಕೂಡ ನನಗೆ ಹೆದರುತ್ತಿರಲಿಲ್ಲ. ಇಪ್ಪತ್ತೇಳು ದಿನವೂ ಅವನು ನನ್ನ ಕಣವನ್ನು ಕಾಯುತ್ತಿದ್ದ, ತನ್ನಿಂದಲೇ.

ಅಂದು ನಾನು ಅಂಗಡಿಗೆ ಹೋಗಲಿಲ್ಲ. ಮನೆ ಹಿಂದಿನ ತೋಟದಿಂದ ಬುಟ್ಟಿಯಲ್ಲಿ ಕೆಂಪು ಮಣ್ಣು ಹೊತ್ತು ತಂದು, ಹಲಸಿನ ಬುಡದಿಂದ ಜಗಲಿಯವರೆಗೆ, ಎರಡು ಅಡಿ ಅಗಲಕ್ಕೆ, ನನ್ನ ನಿಷ್ಕಳಂಕ ಕಣದ ಮೇಲೆ ದಾರಿ ಹಾಕತೊಡಗಿದೆ. ಬಟ್ಟೆ ಒಣಗಿಸಲು ಹೊರಬಂದ ಜಾನಕಿ ಮೂರನೆಯ ಬುಟ್ಟಿಯ ಹೊತ್ತಿಗೆ ಕಂಡಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ಮನೆಮಾತು ಅರೆಭಾಷೆಯೇ ಬರುವುದು.

“ನಿಮಗೆ ತಲೆ ಸರಿ ಉಟ್ಟಾ?”

ಮುನಿಯಮ್ಮ ಹೇಳಿದ್ದನ್ನು ಹೇಳಿದೆ. ಜಾನಕಿ ಒಳಗೆ ಹೋಗಿ ಎರಡು ಗೋಣಿಚೀಲ ತಂದು ಜಗಲಿಯ ಮೇಲೆ ಹಾಸಿದಳು. “ಜಗಲಿಯೂ ಸಿಮೆಂಟೇ ಅಲ್ವ? ಅಷ್ಟೂ ತಲೆ ಓಡೋದಿಲ್ಲ, ಪಿಯುಸಿ ಅಂತೆ.”

ಬೇಲಿಯ ಆಚೆಯಿಂದ ಚಂಗಪ್ಪನವರು, “ಸಿಮೆಂಟು ಹಾಕಿಸಿ ಅದರ ಮೇಲೆ ಮಣ್ಣು ಹಾಕೋ ಎಂಜಿನಿಯರನ್ನ ಇವತ್ತೇ ನೋಡಿದ್ದು!” ಎಂದು ಕೂಗಿದರು.

ಮೊದಲ ದಿನ ಟೈಗರ್ ಮಣ್ಣನ್ನು ಮೂಸಿದ. ಎರಡನೆಯ ದಿನ ಮುಂದಿನ ಎರಡು ಕಾಲಿಟ್ಟು, ಹಿಂದಿನ ಎರಡನ್ನು ಹಲಸಿನ ವಶದಲ್ಲೇ ಬಿಟ್ಟು ನಿಂತ. ಐದನೆಯ ದಿನ ಅರ್ಧ ದಾರಿ. ನಾನು ಜಗಲಿಯಲ್ಲಿ ಕೂತಿದ್ದೆ; ಪರೀಕ್ಷೆಯ ಫಲಿತಾಂಶದ ದಿನವೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಒಂಬತ್ತನೆಯ ಬೆಳಿಗ್ಗೆ, ಹಗ್ಗದ ಮೇಲೆ ನಡೆಯುವವನ ಹಾಗೆ ಒಂದರ ಮುಂದೊಂದು ಕಾಲಿಡುತ್ತ, ಎರಡು ಅಡಿಯಿಂದ ಒಂದಿಂಚೂ ಆಚೀಚೆ ಹೋಗದೆ, ಟೈಗರ್ ಬಂದ. ಜಗಲಿ ಹತ್ತಿದ. ಗೋಣಿಯ ಮೇಲೆ ಮೂರು ಸುತ್ತು ತಿರುಗಿ ದೊಪ್ಪನೆ ಬಿದ್ದುಕೊಂಡು, ಮನುಷ್ಯರ ಹಾಗೆ ನಿಟ್ಟುಸಿರು ಬಿಟ್ಟ. ನಾನು ಫೋನು ಹಿಡಿದು ಅಡುಗೆಮನೆಗೆ ಓಡಿ, ಪಿಸುದನಿಯಲ್ಲೇ ಕಿರುಚಿದೆ: “ಚೇಚಿ, ಬಂದ! ಬಂದ!” ಆ ಕಡೆಯಿಂದ ಹದಿನೈದು ನಾಯಿಗಳು ಉತ್ತರ ಕೊಟ್ಟವು.

ಅಂದು ಮಧ್ಯಾಹ್ನವೇ ಮಳೆ ಹಿಡಿಯಿತು. ಕ್ಯಾಲೆಂಡರು ನೋಡದ ಮಳೆ. ಅರ್ಧ ಗಂಟೆಯಲ್ಲಿ ನನ್ನ ದಾರಿಯೆಲ್ಲ ಕೆಂಪು ನೀರಾಗಿ ಗೇಟಿನ ಆಚೆ ಹರಿದುಹೋಯಿತು. ಕಣ ಮತ್ತೆ ಲಕಲಕ ಹೊಳೆಯಿತು. ಟೈಗರ್ ಸೂರಿನ ಕೆಳಗಿದ್ದ, ಬೆಚ್ಚಗಿದ್ದ, ನಾವು ಗೆದ್ದೆವು ಎಂದು ನಾನು ಕೈ ಉಜ್ಜಿಕೊಂಡೆ. ಆದರೆ ಸಂಜೆಯ ಹೊತ್ತಿಗೆ ಅವನು ಜಗಲಿಯ ಅಂಚಿಗೆ ಬಂದು ನಿಂತು ಸಣ್ಣಗೆ ಕುಂಯ್‌ಗುಟ್ಟತೊಡಗಿದ. ನಾನು ಮಾಡಿದ್ದ ಲೆಕ್ಕದಲ್ಲಿ ನಾಯಿ ಒಳಗೆ ಬರುವುದಿತ್ತೇ ಹೊರತು, ಬಂದ ನಾಯಿಗೆ ಮೂತ್ರ ಬರುವುದು ಇರಲಿಲ್ಲ. ಜಗಲಿಯಲ್ಲಿ ಹೊಯ್ಯುವುದು ಅವನ ಮರ್ಯಾದೆಗೆ ಒಪ್ಪದು, ಕಣ ದಾಟುವಂತಿಲ್ಲ. ಇನ್ನೊಂದು ಬುಟ್ಟಿ ಮಣ್ಣು ಸುರಿದೆ. ಮಳೆ ಅದನ್ನು ನನ್ನ ಕಣ್ಣೆದುರೇ ಕೊಂಡೊಯ್ದಿತು. ಮಾರನೆಯ ಬೆಳಿಗ್ಗೆಯಾದರೂ ಅವನು ಹೊಯ್ದಿರಲಿಲ್ಲ. ಹಿಂದಿನ ಕಾಲುಗಳು ನಡುಗುತ್ತಿದ್ದವು.

“ಎಂತಾದರೂ ಮಾಡಿ,” ಎಂದಳು ಜಾನಕಿ. ಅವಳ ಕಣ್ಣಲ್ಲಿ ನೀರಿತ್ತು.

ನನಗೆ ತೋಚಿದ್ದು ಒಂದೇ. ಆ ಮಳೆಯಲ್ಲಿ ಬರಿಗೈಯಲ್ಲಿ ಹೋಗಿ ಕಣದ ನಡುವೆ, ನಾನು ದಿನಾ ಬಟ್ಟಲು ಇಡುತ್ತಿದ್ದ ಜಾಗದಲ್ಲಿ, ಚಕ್ಕಲಬಕ್ಕಲ ಹಾಕಿ ಕೂತೆ. ಕರೆಯಲಿಲ್ಲ. ವಿಜಯನಗರವೂ ನೆನಪಿಗೆ ಬರಲಿಲ್ಲ. ಟೈಗರ್ ನನ್ನನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಒಂದು ಕಾಲನ್ನು ಸಿಮೆಂಟಿನ ಮೇಲಿಟ್ಟ. ಇನ್ನೊಂದು. ಓಡುತ್ತಾನೆ ಎಂದುಕೊಂಡೆ, ಓಡಲಿಲ್ಲ. ನನ್ನ ಹತ್ತಿರ ಬಂದು, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಕಿವಿಗಳನ್ನು ಹಿಂದಕ್ಕೆ ಮಡಚಿ, ಕಣ್ಣು ಮುಚ್ಚಿ ಮಲಗಿದ. ಏಟಿಗೆ ಕಾಯುತ್ತಿದ್ದ. ತಪ್ಪು ಮಾಡಿದ್ದೇನೆ, ಹೊಡೆದು ಮುಗಿಸು, ಆಮೇಲೆ ನಾನು ಹೋಗಬೇಕು ಎನ್ನುವ ಹಾಗೆ.

ನನಗೆ ಕೈ ಎತ್ತಲೂ ಭಯವಾಯಿತು. ಮುಟ್ಟಲು ಎತ್ತಿದರೂ ಅದು ಎತ್ತಿದ ಕೈಯೇ ತಾನೆ. ಅಷ್ಟರಲ್ಲಿ ಜಾನಕಿ ಕೊಡೆ ಹಿಡಿದು ಬಂದಳು. ಕೊಡೆಯನ್ನು ಹಿಡಿದದ್ದು ಅವನ ಮೇಲೆ. ನಾನು ನೆನೆಯುತ್ತಲೇ ಇದ್ದೆ. “ಹೊಡೆಯೋರು ಯಾರೂ ಇಲ್ಲ ಮಗ,” ಎಂದಳು. “ಏಳು.” ನಾನು ಕೈಯನ್ನು ನೆಲದ ಮೇಲೆಯೇ ಸರಿಸುತ್ತ ಹೋಗಿ, ಅವನ ಕುತ್ತಿಗೆಯ ಆ ಕೂದಲಿಲ್ಲದ ಪಟ್ಟಿಯ ಮೇಲಿಟ್ಟೆ. ಅವನು ಅದುರಿದ. ಕಚ್ಚಲಿಲ್ಲ. ಒಂದು ಕಣ್ಣು ತೆರೆದ. ಏಟು ಬರಲಿಲ್ಲ. ಇನ್ನೊಂದು ಕಣ್ಣು ತೆರೆದ.

ಆಮೇಲೆ ಎದ್ದು ಹಲಸಿನ ಮರಕ್ಕೆ ಹೋಗಿ ಕಾಲೆತ್ತಿದ. ಪಂಪು ಕಟ್ಟುವವನಾಗಿ ಹೇಳುತ್ತೇನೆ, ಅಂಥ ಪ್ರೆಶರ್ ನಾನು ಯಾವ ಪೈಪಿನಲ್ಲೂ ಕಂಡಿಲ್ಲ. ಜಾನಕಿ ಅಳುತ್ತಲೇ ನಕ್ಕಳು. ಮುಗಿಸಿ ತಿರುಗಿದವನು ಮತ್ತೆ ಅದೇ ಅಂಚಿಗೆ ಬಂದು ನಿಂತ. ಈಗ ಅವನಿಗೆ ಯಾವ ಅವಸರವೂ ಇರಲಿಲ್ಲ. ಹಲಸಿನ ಬುಡವೂ ಅವನ ಹಿಂದೆಯೇ ಇತ್ತು. ಟೈಗರ್ ತಲೆ ತಗ್ಗಿಸಿ ಸಿಮೆಂಟನ್ನು ಮೂಸಿದ, ಆಮೇಲೆ ಓಡಿದ! ಹನ್ನೊಂದು ವರ್ಷದ ಕಾಲುಗಳಲ್ಲಿ ನೀರು ಚಿಮ್ಮಿಸುತ್ತ, ಜಾರುತ್ತ, ನಮ್ಮನ್ನು ದಾಟಿ ಜಗಲಿ ಹತ್ತಿ, ಮೈ ಕೊಡವಿ, ಗೋಣಿಯ ಮೇಲೆ ಬಿದ್ದುಕೊಂಡ. ಬೇಲಿಯ ಆಚೆ ಯಾರೋ ಚಪ್ಪಾಳೆ ತಟ್ಟಿದರು. ಚಂಗಪ್ಪನವರು ತಾವಲ್ಲ ಎನ್ನುತ್ತಾರೆ.

ಜೂನ್ ದಾಟಿತು, ಆಟಿ ತಿಂಗಳ ಜಡಿಮಳೆಯೂ ಕಳೆಯಿತು, ಕೆಮ್ಮು ಕಡಿಮೆಯಾಯಿತು. ಒಂದು ತಿಂಗಳ ಮಾತನ್ನು ಗ್ರೇಸಿ ಚೇಚಿಯೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಜನವರಿಯಲ್ಲಿ ಕಾಫಿ ಕುಯ್ದು, ಮೊದಲ ಬಾರಿಗೆ ನಮ್ಮ ಸ್ವಂತ ಕಣದಲ್ಲಿ ಹರಡಿದೆವು. ಕೆಂಪಗೆ, ದಪ್ಪಗೆ, ನೋಡಲು ಎರಡು ಕಣ್ಣು ಸಾಲದು. ಆಗ ಜಗಲಿಯಿಂದ ಟೈಗರ್ ಎದ್ದ, ಮೈ ಮುರಿದ, ನೆಟ್ಟಗೆ ಕಾಫಿಯ ಮೇಲೆ ನಡೆದ.

“ಏಯ್!”

ನನ್ನ ಬಾಯಿಂದಲೇ ಬಂತು. ಹತ್ತನೆಯ ವಯಸ್ಸಿನಿಂದ ಗಂಟಲಲ್ಲಿ ಕೂತಿದ್ದ ಕೂಗು, ನನ್ನನ್ನು ಕೇಳದೆ ಹೊರಟುಹೋಯಿತು. ಜಾನಕಿ ಬುಟ್ಟಿ ಹಿಡಿದಲ್ಲೇ ನಿಂತಳು. ಟೈಗರ್ ಮುಂದಿನ ಕಾಲನ್ನು ಎತ್ತಿದ್ದವನು ಎತ್ತಿದ ಹಾಗೆಯೇ ನಿಂತು, ತಿರುಗಿ ನನ್ನ ಮುಖ ನೋಡಿದ. ನಾಲಗೆ ಕಚ್ಚಿಕೊಂಡು ನಿಂತಿದ್ದ ಆ ಮುಖದಲ್ಲಿ ಅವನಿಗೆ ಏನು ಕಂಡಿತೋ ನನಗೆ ಗೊತ್ತಿಲ್ಲ. ನೋಡಿದ, ನೋಡಿದ; ಆಮೇಲೆ ಆ ಕಾಲನ್ನು ಕಾಫಿಯ ಮೇಲೆಯೇ ಊರಿದ. ಇನ್ನೂ ನಾಲ್ಕು ಹೆಜ್ಜೆ ನಡೆದು, ಬಿಸಿಲು ಚೆನ್ನಾಗಿ ಬಿದ್ದ ಜಾಗ ಹುಡುಕಿ, ಹಣ್ಣುಗಳ ನಡುವೆ ಸುತ್ತು ತಿರುಗಿ ಮಲಗಿದ.

“ನೋಡ್ತಾ ನಿಂತರೆ ಕಾಫಿ ಒಣಗ್ತದಾ? ಕೆದಕಿ,” ಎಂದಳು ಜಾನಕಿ.

ನಾನು ಉದ್ದ ಹಿಡಿಯ ಹಲಗೆ ತೆಗೆದುಕೊಂಡು ಅವನ ಸುತ್ತಲೂ ಕೆದಕಿದೆ. ಅವನು ಮಲಗಿದ ಜಾಗದ ಕಾಫಿ ಒಣಗಲು ಉಳಿದದ್ದಕ್ಕಿಂತ ಎರಡು ದಿನ ಹೆಚ್ಚು ಹಿಡಿಯಿತು.